ಅಮ್ಮನ ಸುತ್ತ ನಾಲ್ಕು ಗೂಟ

ನಗೋರು ಮುಂದೆ ಕೂತ್ಕೊಳ್ಳಿ, ಬುದ್ಧಿ ಹೇಳೋರು ಹಿಂದೆ. ಅಮೆರಿಕದಲ್ಲಿ ಜನ ಬಂಡಿ ಕಟ್ಟಿಕೊಂಡು ಪಡುವಣಕ್ಕೆ ನೆಲ ಹುಡುಕಿ ಹೊರಟಿದ್ದ ಕಾಲ. ಅಲ್ಲಿ ಮೊದಲಿಂದ ಬಾಳುತ್ತಿದ್ದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಜಾಣರ ಬುದ್ಧಿ ಅಷ್ಟೇ. ನಮ್ಮದು ಪೆದ್ದನ ಕತೆ.

ಬಂಡಿಸಾಲಿನ ಕೊನೆಯ ಬಂಡಿ ಮಾರ್ತಾ ಎಂಬ ವಿಧವೆಯದು. ಮಂಡಿನೋವಿನವಳು. ಒಬ್ಬನೇ ಮಗ ಎಜ್ರ. ಮೈ ಆಳೆತ್ತರ, ಬುದ್ಧಿ ಮೊಳಕಾಲೆತ್ತರ. "ನಾನು ಸತ್ತಮೇಲೆ ನಿನಗೆ ನಿಲ್ಲೋಕೊಂದು ನೆಲ ಬೇಡವೇನೋ!" ಅಂತ ದಿನವೂ ಅವಳಿಗೆ ದಿಗಿಲು.

ಒಂದು ದಿನ ಪಕ್ಕದ ಬಂಡಿಯವಳು ಬಕೆಟ್ ಹಾಲು ಕೊಟ್ಟಳು. ಎಜ್ರ ತೊಡೆಮೇಲಿಟ್ಟುಕೊಂಡ. ಬಂಡಿ ಕುಲುಕಿತು, ಹಾಲು ಚೆಲ್ಲಿತು. ಅಮ್ಮ ಬೈದಳು:

"ಅಯ್ಯೋ ಪೆದ್ದೇ! ಮುಚ್ಚಳ ಹಾಕಿ ಬಂಡಿ ಕೆಳಗೆ ನೇತುಹಾಕಬಾರದಿತ್ತೇನೋ? ಕುಲುಕಿ ಕುಲುಕಿ ಸಂಜೆಗೆ ಬೆಣ್ಣೆ ಬಂದಿರೋದು!"

"ಆಗಲಮ್ಮ!"

ಮರುದಿನ ಪಕ್ಕದ ಬಂಡಿಯವಳು ಕೋಳಿ ಕೊಟ್ಟಳು. ಎಜ್ರ ಬಕೆಟ್ಟಿಗೆ ಹಾಕಿ, ಮುಚ್ಚಳ ಮುಚ್ಚಿ, ಬಂಡಿ ಕೆಳಗೆ ನೇತುಹಾಕಿದ. ಸಂಜೆ ತೆಗೆದರೆ ಬೆಣ್ಣೆ ಬಂದಿಲ್ಲ! ಕೋಳಿ ತಲೆ ತಿರುಗಿ ಅಡ್ಡಡ್ಡ ನಡೆಯಿತು.

"ಅಯ್ಯೋ ಪೆದ್ದೇ! ಜೀವ ಇರೋದನ್ನ ಅಪ್ಪಿ ಹಿಡ್ಕೋಬೇಕು ಕಣೋ!"

"ಆಗಲಮ್ಮ!"

ಅದರ ಮರುದಿನ ಎತ್ತು ಮೇಯಿಸೋಕೆ ಹೋದ. ಒಂದೆತ್ತಿನ ಕುತ್ತಿಗೆ ಅಪ್ಪಿಕೊಂಡು ನಿಂತ. ಇನ್ನೊಂದು ಬೆಟ್ಟದಾಚೆ ಹೋಯಿತು. ಹಿಡಿದು ತರೋಷ್ಟರಲ್ಲಿ ಎಲ್ಲರಿಗೂ ಸಾಕುಬೇಕಾಯಿತು.

"ಅಯ್ಯೋ ಪೆದ್ದೇ! ಕಳ್ಕೋಬಾರದು ಅಂತಿದ್ರೆ ಗೂಟ ಹೊಡೀಬೇಕು!"

"ಆಗಲಮ್ಮ!"

ಕೊನೆಗೂ ಹೊಳೆಬದಿಯ ಬಯಲು ಬಂತು. ನೆಲ ಹಂಚೋ ಗುಮಾಸ್ತ ಕೂಗಿದ: "ಹೊತ್ತು ಮುಳುಗೋದರೊಳಗೆ ನಾಲ್ಕು ಗೂಟ ಹೊಡೆದಷ್ಟು ನಿಮ್ಮದು!" ಎಲ್ಲರೂ ಬಿದ್ದೆದ್ದು ಓಡಿದರು. ಮಾರ್ತಾ ಬಂಡಿಯೊಳಗಿಂದಲೇ ಅಂದಳು, "ಹೋಗು ಮಗ, ಗೂಟ ಹೊಡಿ!"

ಎಜ್ರ ಅಮ್ಮ ಕೂತಿದ್ದ ಬಂಡಿಯ ಸುತ್ತಲೇ ನಾಲ್ಕು ಗೂಟ ಹೊಡೆದು ಆಚೆ ನಿಂತ.

"ಅಯ್ಯೋ ಪೆದ್ದೇ! ಏನೋ ಇದು!"

"ಕಳ್ಕೋಬಾರದು ಅಂತಿದ್ರೆ ಹೊಡಿ ಅಂದೆಯಲ್ಲಮ್ಮ. ನೆಲ ಬೇಕಾದಷ್ಟಿದೆ. ನೀನು ಒಬ್ಬಳೇ."

ಮಾರ್ತಾ ಬಂಡಿಯಿಂದ ತಲೆ ಹೊರಹಾಕಿದಳು. "ಮತ್ತೆ ನೀನ್ಯಾಕೋ ಹೊರಗೆ ನಿಂತೆ?"

"ನನ್ನ ಸುತ್ತ ಹೊಡಿ ಅಂತ ನೀ ಹೇಳಲಿಲ್ಲವಲ್ಲಮ್ಮ!"

ಇಳಿದಳು ಅಮ್ಮ. ಮಂಡಿನೋವು ಮರೆತೇಹೋಯಿತು. ಮಗನ ಕಡೆಯ ಎರಡು ಗೂಟ ಕಿತ್ತು, ಅವನನ್ನೂ ಒಳಗೆ ಹಾಕಿಕೊಳ್ಳೋಕೆ ಬಂದಳು. "ಸರಿಯೋ, ಸುತ್ತಿಗೆ ತಾಗೀತು!" ಎಜ್ರ ಹತ್ತು ಹೆಜ್ಜೆ ಹಿಂದೆ ಸರಿದ. ಅಮ್ಮ ಗೂಟ ಹೊಡೆದು ನೋಡಿದರೆ ಅವನು ಮತ್ತೆ ಹೊರಗೆ! ಹೊಡೆದದ್ದನ್ನು ಕಿತ್ತು ಮತ್ತೆ ಬಂದಳು. "ಸರಿಯೋ!" ಮತ್ತೆ ಹತ್ತು ಹೆಜ್ಜೆ. ಕೀಳೋದು, ಹೊಡೆಯೋದು, ಸರಿಯೋದು! ಹಾಗೇ ಹೊಳೆ ಬಂತು. ಇನ್ನು ಸರಿಯೋಕೆ ಜಾಗವಿಲ್ಲ. ಅಮ್ಮ ಕೈಹಿಡಿದು ಎಳೆದು ಒಳಗೆ ನಿಲ್ಲಿಸಿ ಗೂಟ ಬಡಿದಳು. ಹೊತ್ತು ಮುಳುಗಿತು.

ಗುಮಾಸ್ತ ನಗುತ್ತಾ ಬರೆದುಕೊಂಡ: ಬಂಡಿಯಷ್ಟು ಅಗಲ, ಹೊಳೆವರೆಗೆ ಉದ್ದ. ಒಂದು ಗುಡಿಸಲಿಗೆ, ನಾಲ್ಕು ಸಾಲು ಜೋಳಕ್ಕೆ ಸಾಕು.

"ಇದು ನೀನು ನಿಲ್ಲೋ ನೆಲ ಕಣೋ, ಮಗ!" ಅಂತ ಮಾರ್ತಾ ಅತ್ತಳು.

"ಆಗಲಮ್ಮ!" ಅಂದ ಎಜ್ರ. ನಿಂತ. ಊಟಕ್ಕೆ ಕರೆದರೂ ಕೂರಲಿಲ್ಲ, ನಿಂತೇ ಇದ್ದ. ಅಮ್ಮನೂ ಬಯ್ಯಲಿಲ್ಲ. ರೊಟ್ಟಿ ತಂದು, ಪಕ್ಕದಲ್ಲಿ ನಿಂತುಕೊಂಡೇ ತಿನ್ನಿಸಿದಳು.