ಎರಡು ಸೂಜಿ, ಒಂದೇ ದಾರ

ಫ್ರೆಂಚರ ದೇಶದ ದೊರೆ ರಾಜಧಾನಿಯಲ್ಲಿ ಡಂಗುರ ಹೊಡೆಸಿದ. "ಎಲ್ಲರೂ ಕೇಳಿ. ಮೂರು ತಲೆಮಾರಿನಿಂದ ಅರಮನೆಗೆ ಉಡುಪು ಹೊಲಿಯುತ್ತಿರುವ ವಾಲ್ಮೊರೇ ಮನೆಯ ಒಡತಿ ಒರ್ತಾಂಸ್‌ಗೆ ಮಕ್ಕಳಿಲ್ಲ. ಆಕೆಯ ಮೂರು ಒಗಟು ಬಿಡಿಸಿದವರಿಗೆ ಆ ಮನೆ ಸೇರುತ್ತದೆ. ಒಂದು ತಪ್ಪಿದರೂ ಬಲಗೈ ಹೆಬ್ಬೆರಳು ಹೋಗುತ್ತದೆ."

ಹೆಬ್ಬೆರಳಿಲ್ಲದವರು ಸೂಜಿ ಹಿಡಿಯಲಾರರು. ಹಾಗಾಗಿ ಹೊಲಿಯಲು ಬಲ್ಲವರು ಹಿಂದೆ ಸರಿದರು, ಬಾರದವರು ಮುಂದೆ ಬಂದರು. ಬಂದವರು ಇಬ್ಬರು: ಮಂತ್ರಿಯ ಸೋದರಳಿಯ ಥಿಬೋ, ಮಖಮಲ್ಲಿನ ವ್ಯಾಪಾರಿ ಗಾಸ್ಪಾರ್. ಅವರ ಹಿಂದೆ ಮೂರನೆಯವಳಾಗಿ ಸೊಲಾಂಜ್ ನಿಂತಳು. ಆಕೆ ಅದೇ ಮನೆಯ ಅಟ್ಟದಲ್ಲಿ ಹನ್ನೊಂದು ವರ್ಷದಿಂದ ಉಡುಪಿನ ಅಂಚು ಹೊಲಿಯುತ್ತಿದ್ದವಳು.

ಒರ್ತಾಂಸ್ ಯಾರನ್ನೂ ನಂಬುತ್ತಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಿದ್ದಳು. ಅಡುಗೆಯವಳು ಮೊದಲು ಕುಡಿದು ತೋರಿಸದೆ ಸೂಪು ಮುಟ್ಟುತ್ತಿರಲಿಲ್ಲ. ಸೊಲಾಂಜಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು, "ನಿನ್ನನ್ನು ಯಾರು ಕಳಿಸಿದರು?"

"ಯಾರೂ ಇಲ್ಲ, ಅಮ್ಮನವರೇ. ಮನೆ ಕೈಗೆ ಬಂದ ದಿನವೇ ಅಟ್ಟದ ನಲವತ್ತು ಹೆಂಗಸರನ್ನು ಬೀದಿಗೆ ಹಾಕುವುದಾಗಿ ಗಾಸ್ಪಾರ್ ಸಾಹೇಬರು ಹೇಳಿಕೊಂಡು ತಿರುಗುತ್ತಿದ್ದಾರೆ. ಆ ನಲವತ್ತರಲ್ಲಿ ನಾನೊಬ್ಬಳು."

"ಅಂಚು ಹೊಲಿಯುವವಳು ಒಡತಿಯಾಗುತ್ತಾಳಂತೆ," ಎಂದು ಥಿಬೋ ನಕ್ಕ. "ಹೆಬ್ಬೆರಳಿಗೆ ಈಗಲೇ ಒಂದು ಮುತ್ತು ಕೊಟ್ಟುಕೋ ತಾಯಿ."

ಒರ್ತಾಂಸ್ ಬಾಗಿಲು ಮುಚ್ಚಿಸಿ, ಕಿಟಕಿಯ ಪರದೆ ಎಳೆಸಿ, ಮೊದಲ ಒಗಟು ಕೇಳಿದಳು. "ರಾಣಿಯ ಮೈಗೆ ಮೊದಲು ಹತ್ತುವುದು ಅದೇ, ಆದರೆ ಅದನ್ನು ತೊಟ್ಟು ರಾಣಿ ಹೊಸಿಲು ದಾಟುವುದಿಲ್ಲ. ರೇಷ್ಮೆಗೆ ಬೀಳಬೇಕಾದ ಕತ್ತರಿ ಏಟನ್ನೆಲ್ಲ ಅದು ತಿನ್ನುತ್ತದೆ. ಏನದು?"

"ರಾಣಿಯ ನೆರಳು," ಎಂದ ಥಿಬೋ, ಕೇಳಿ ಮುಗಿಯುವ ಮೊದಲೇ.

"ನೆರಳನ್ನು ಯಾವ ಕತ್ತರಿಯಿಂದ ಕತ್ತರಿಸುತ್ತೀಯಪ್ಪ?" ಎಂದಳು ಒರ್ತಾಂಸ್. ದೊರೆಯ ಕಾವಲಿನವನು ಥಿಬೋನನ್ನು ಪಕ್ಕಕ್ಕೆ ಕರೆದೊಯ್ದು ಕೂರಿಸಿದ. ಬೆರಳು ಕಡಿಯುವುದು ಮೂರೂ ಒಗಟು ಮುಗಿದ ಮೇಲೆ.

ಗಾಸ್ಪಾರ್ ಬಟ್ಟೆ ಮಾರಿ ಬೆಳೆದವನು. "ಒರಟು ಹತ್ತಿ ಬಟ್ಟೆಯ ಮಾದರಿ ಉಡುಪು. ಅಳತೆ ತಪ್ಪಿದರೆ ಅದನ್ನು ಕತ್ತರಿಸುತ್ತಾರೆ, ರೇಷ್ಮೆ ಉಳಿಯುತ್ತದೆ," ಎಂದ. ಸೊಲಾಂಜ್ ತಲೆಯಾಡಿಸಿ, "ನನ್ನದೂ ಅದೇ ಉತ್ತರ," ಎಂದಳು.

"ಕೇಳಿ ಹೇಳಿದೆಯೋ, ಗೊತ್ತಿದ್ದು ಹೇಳಿದೆಯೋ?"

"ಈ ವಾರ ಆರು ಹೊಲಿದಿದ್ದೇನೆ."

ಒರ್ತಾಂಸ್ ಹುಬ್ಬು ಗಂಟಿಕ್ಕಿದಳು. "ಹಾಗಾದರೆ ಈ ಸಲ ನೀವಿಬ್ಬರೂ ನನ್ನ ಕಿವಿಯಲ್ಲೇ ಹೇಳಬೇಕು. ನನ್ನ ಅಜ್ಜ ಕಟ್ಟಿದ ಈ ಮನೆಯ ಮೊದಲ ಗಿರಾಕಿ ಕನ್ನಡಿ ನೋಡಲಿಲ್ಲ, ಬೆಲೆ ಕೇಳಲಿಲ್ಲ. ಬೆನ್ನಿನ ಅಳತೆ ಕೊಟ್ಟ, ಕೊಟ್ಟದ್ದನ್ನು ಹೊತ್ತು ಓಡಿದ. ಯಾರವನು?"

ಹಜಾರದ ಗೋಡೆಯಲ್ಲಿ ನೇತುಹಾಕಿದ್ದ ಚಿತ್ರಗಳಲ್ಲಿ ಮೊದಲನೆಯದು ಒಬ್ಬ ಸೇನಾಪತಿಯದು. ಗಾಸ್ಪಾರ್ ಅದನ್ನೇ ನೋಡಿ ಪಿಸುಗುಟ್ಟಿದ. ಒಡತಿ ಕಾವಲಿನವನತ್ತ ಕೈ ತೋರಿಸಿದಳು. "ಸೇನಾಪತಿಯಂತೆ. ಗೋಡೆ ಹೇಳಿದ್ದನ್ನು ನಂಬಿಬಿಟ್ಟ."

ಸೊಲಾಂಜ್ ಕಿವಿಯ ಬಳಿ ಬಗ್ಗಿ ಒಂದೇ ಮಾತು ಹೇಳಿದಳು. "ಕುದುರೆ."

ಒರ್ತಾಂಸ್ ಅವಳ ಮಣಿಕಟ್ಟು ಹಿಡಿದುಕೊಂಡಳು. "ಯಾವ ನಾಲಿಗೆ ಇದನ್ನು ನಿನಗೆ ಹೇಳಿತು? ಜೀನು ಹೊಲಿಯುವ ಅಂಗಡಿಯ ಹೆಸರಿನ ಹಲಗೆಯನ್ನು ನನ್ನ ಅಜ್ಜ ತನ್ನ ಕೈಯಾರೆ ಸುಟ್ಟ."

"ಹೊಲಿಗೆ ಹೇಳಿತು. ಅಟ್ಟಕ್ಕೆ ಹೊಸದಾಗಿ ಬಂದವಳಿಗೆ ಮೊದಲು ಕಲಿಸುವುದು ಎರಡು ಸೂಜಿ, ಒಂದೇ ದಾರ. ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು, ಎರಡೂ ಒಂದೇ ತೂತಿನಲ್ಲಿ. ರೇಷ್ಮೆಗೆ ಅದು ಬೇಡ. ಚರ್ಮಕ್ಕೆ ಬೇಕು. ಯಾಕೆಂದು ಯಾರೂ ಹೇಳಲಿಲ್ಲ, ನಾನೇ ಯೋಚಿಸಿದೆ."

ಒಡತಿ ಕೈ ಬಿಟ್ಟಳು, ಮುಖ ಸಡಿಲಿಸಲಿಲ್ಲ. ಮೂರನೆಯದನ್ನು ತಗ್ಗಿದ ದನಿಯಲ್ಲಿ ಕೇಳಿದಳು. "ಈ ಮನೆಯ ಮದುವೆ ಉಡುಪಿನಲ್ಲಿ ನಾನು ಇಡದ ಒಂದು ವಸ್ತು ಇದೆ. ತೂಕವಿಲ್ಲ, ಬೆಲೆಯಿಲ್ಲ. ಬೇರಿನಿಂದ ಕಿತ್ತರೂ ಬಾಡುವುದಿಲ್ಲ. ಏನದು?"

ಸೊಲಾಂಜ್‌ಗೆ ಉತ್ತರ ಗೊತ್ತಿತ್ತು. ಎರಡು ತಿಂಗಳ ಹಿಂದೆ ರಾಜಕುಮಾರಿಯ ಉಡುಪಿನಲ್ಲಿ ಒಡತಿಗೆ ಏನೋ ಸಿಕ್ಕಿ, ಅಟ್ಟದಲ್ಲಿ ಯಾರೋ ಮಾಟ ಮಾಡಿಸಿದ್ದಾರೆಂದು ಗುಟ್ಟಾಗಿ ವಿಚಾರಣೆ ನಡೆದಿತ್ತು. ಇದು ಒಗಟಲ್ಲ, ಬಲೆ. ಸುಮ್ಮನಿದ್ದರೆ ಬೆರಳು ಹೋಗುತ್ತದೆ. ಹೇಳಿದರೆ ತಪ್ಪೊಪ್ಪಿಕೊಂಡಂತೆ.

"ಹೊಲಿದವಳ ಕೂದಲು," ಎಂದಳು. "ರಾಜಕುಮಾರಿಯ ಉಡುಪಿನಲ್ಲಿದ್ದದ್ದು ನನ್ನದೇ."

ಕಾವಲಿನವನು ಎದ್ದು ನಿಂತ.

"ಮಾಟವಲ್ಲ, ಅಮ್ಮನವರೇ. ಮದುವೆ ಉಡುಪಿನ ಅಂಚಿನಲ್ಲಿ ಒಂದು ಕೂದಲು ಸೇರಿಸಿ ಹೊಲಿದರೆ ವರ್ಷದೊಳಗೆ ಗಂಡ ಸಿಗುತ್ತಾನೆಂದು ಅಟ್ಟದ ನಂಬಿಕೆ. ಇದನ್ನು ಶುರುಮಾಡಿದವಳು ಲಿಸೆತ್ ಎಂಬ ಕೆಂಚು ಕೂದಲಿನ ಹುಡುಗಿ. ಈ ಮನೆಯ ಮೊದಲ ಮದುವೆ ಉಡುಪಿನ ಅಂಚು ಹೊಲಿದಳು, ವರ್ಷದೊಳಗೆ ಧಣಿಯ ಮಗನೇ ಅವಳನ್ನು ಮದುವೆಯಾದ. ಆ ಉಡುಪು ನಿಮ್ಮಲ್ಲಿ ಇದ್ದರೆ ಬಿಚ್ಚಿ ನೋಡಿ."

ಒಡತಿ ತಾನೇ ಒಳಗೆ ಹೋಗಿ ಹಳದಿಗಟ್ಟಿದ ಉಡುಪನ್ನು ತಂದಳು. ಕತ್ತರಿಯನ್ನು ಬೇರೆಯವರ ಕೈಗೆ ಕೊಡಲಿಲ್ಲ. ಅಂಚಿನ ನಾಲ್ಕು ಹೊಲಿಗೆ ಬಿಚ್ಚಿದಾಗ ಒಂದು ಕೂದಲು ಹೊರಬಂತು, ತಾಮ್ರದ ಎಳೆಯಂತೆ. ಒರ್ತಾಂಸಳ ತಲೆ ಪೂರ್ತಿ ನರೆತಿತ್ತು, ಹುಬ್ಬು ಮಾತ್ರ ಇನ್ನೂ ಅದೇ ಬಣ್ಣದ್ದು.

"ಲಿಸೆತ್ ನನ್ನ ತಾಯಿಯ ಹೆಸರು," ಎಂದಳು ಒಡತಿ. "ಅವಳು ಜಮೀನ್ದಾರರ ಮಗಳು ಎಂದು ಹೇಳಿ ನನ್ನನ್ನು ಬೆಳೆಸಿದರು." ಆ ಕೂದಲನ್ನು ಬೆರಳಿಗೆ ಸುತ್ತಿಕೊಂಡಳು. "ನಿನಗೆ ಗಂಡ ಸಿಕ್ಕನೇ?"

"ಹದಿನೇಳು ಉಡುಪಿಗೆ ಹದಿನೇಳು ಕೂದಲು ಕೊಟ್ಟಿದ್ದೇನೆ. ಒಬ್ಬನೂ ಬರಲಿಲ್ಲ."

ಒಡತಿ ಮೊದಲ ಸಲ ನಕ್ಕಳು. ದೊರೆಯ ಮಾತಿನಂತೆ ಮನೆ ಸೊಲಾಂಜ್‌ಗೆ ಸೇರಿತು. ಏನಾದರೂ ಕೇಳಿಕೋ ಎಂದು ಒಡತಿ ಹೇಳಿದಾಗ ಅವಳು ಇಬ್ಬರು ಗಂಡಸರ ಕಡೆ ನೋಡಿದಳು. "ಇವರ ಬೆರಳು ಬಿಟ್ಟುಬಿಡಿ. ಅದರಿಂದ ದುಡಿದು ಉಂಡವರಲ್ಲ, ಕಡಿದರೂ ಇವರಿಗೆ ನಷ್ಟ ತಿಳಿಯುವುದಿಲ್ಲ."

ಉಳಿದ ಮೂವತ್ತೊಂಬತ್ತು ಹೆಂಗಸರು ಅಂದು ಅಟ್ಟದಿಂದ ಇಳಿದು, ಮೊದಲ ಸಲ ಮುಂಬಾಗಿಲಿನಿಂದಲೇ ತಮ್ಮ ತಮ್ಮ ಮನೆಗೆ ಹೋದರು. ಒರ್ತಾಂಸ್ ಕೀಲಿಗೊಂಚಲು ಬಿಚ್ಚಿ ಕೊಡುತ್ತಾ, "ಇವತ್ತೇ ಬೀಗ ಬದಲಾಯಿಸು. ನಾನು ಇನ್ನೊಂದು ಗೊಂಚಲು ಇಟ್ಟುಕೊಂಡಿರಬಹುದು," ಎಂದಳು.

"ಇಟ್ಟುಕೊಂಡಿದ್ದೀರಾ?"

"ಮೂರು," ಎಂದಳು ಮುದುಕಿ.

ಸೊಲಾಂಜ್ ಕತ್ತಲಾಗುವ ಮೊದಲೇ ಬೀಗ ಬದಲಾಯಿಸಿದಳು. ಹೊಸ ಕೀಲಿಯನ್ನು ಎರಡು ಮಾಡಿಸಿ, ಒಂದನ್ನು ಮುದುಕಿಯ ಕೈಯಲ್ಲಿ ಇಟ್ಟಳು.