ಇನ್ನೊಂದೇ ಕಾರ್ಡು

ಗಿಳಿಶಾಸ್ತ್ರ ಹೇಳುವ ಕೆಂಚಪ್ಪ ಪಂಜರದ ಬಾಗಿಲು ಹಾಕದೆಯೇ ಟೀ ಕುಡಿಯಲು ಹೋದ. ತನ್ನ ಗಿಳಿ ಎಲ್ಲಿಗೂ ಹೋಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಗಿಳಿ ತಾನಾಗಿ ಹೊರಬಂದು, ಅರಳಿಮರದ ಕೆಳಗೆ ಸಾಲಾಗಿ ಹರಡಿದ್ದ ಶಾಸ್ತ್ರದ ಕಾರ್ಡುಗಳಲ್ಲಿ ಒಂದನ್ನು ಕೊಕ್ಕಿನಿಂದ ಎಳೆದು, ಭತ್ತದ ಕಾಳಿಗಾಗಿ ಬಾಯಿ ತೆರೆಯಿತು. ಕೊಡುವವರು ಇರಲಿಲ್ಲ. ಇನ್ನೊಂದನ್ನು ಎಳೆಯಿತು.

ಅದರ ಜೊತೆ ಒಂದೇ ಪೊಟರೆಯಲ್ಲಿ ಹುಟ್ಟಿದ್ದ ತಂಗಿ ಕೊಂಬೆಯ ಮೇಲಿಂದ ಕೂಗಿತು. "ಅಕ್ಕಾ, ಬಾಗಿಲು ತೆರೆದಿದೆ, ಅವನೂ ಇಲ್ಲ. ಹಾರಿ ಬಾ! ಕಟ್ಟೆಯ ಮರೆಯಲ್ಲಿ ಬೆಕ್ಕು ಹೊಂಚು ಹಾಕಿದೆ."

"ಇದೊಂದು ಎಳೆದು ಬರುತ್ತೇನೆ."

"ಗದ್ದೆ ತುಂಬ ತೆನೆ ಇದೆ. ಒಂದು ಕಾಳಿಗೆ ಇಷ್ಟು ಪಾಡೇಕೆ?"

"ಗದ್ದೆಯ ಕಾಳು ಯಾವಾಗ ಹೋದರೂ ಸಿಗುತ್ತದೆ. ಇವನು ಒಂದು ಸಲ ಕೊಡುತ್ತಾನೆ, ಹತ್ತು ಸಲ ಸತಾಯಿಸುತ್ತಾನೆ. ಎಳೆದಾಗಲೆಲ್ಲ ಕೊಟ್ಟಿದ್ದರೆ ಹೊಟ್ಟೆ ತುಂಬಿ ನಾನು ಎಂದೋ ಹಾರಿಹೋಗಿರುತ್ತಿದ್ದೆ. ಈ ಸಲ ಸಿಕ್ಕೇ ಸಿಗುತ್ತದೆ, ಸುಮ್ಮನಿರು."

"ಅಕ್ಕಾ, ಬೆಕ್ಕು ಮರೆಯಿಂದ ಹೊರಬಂತು!"

"ಇನ್ನೊಂದೇ ಒಂದು."

"ಅಕ್ಕಾ, ನಿನ್ನ ಬೆನ್ನ ಹಿಂದೆಯೇ ಕೂತಿದೆ!"

ಗಿಳಿ ತಿರುಗಿ ನೋಡಿತು. ಶಾಸ್ತ್ರ ಕೇಳಲು ಯಾರೋ ಬಂದು ಕೂತಿದ್ದಾರೆಂದು ಅದರ ಕಣ್ಣುಗಳು ಅರಳಿದವು. ಓಡಿಹೋಗಿ ಒಂದು ಕಾರ್ಡು ಎಳೆದು ತಂದು, ಬೆಕ್ಕಿನ ಕಾಲ ಬಳಿ ಇಟ್ಟು, ಕತ್ತೆತ್ತಿ ಬಾಯಿ ತೆರೆದು ನಿಂತಿತು.