ಸಾಲಿನ ನಡುವೆ ಬಿಟ್ಟ ಜಾಗ

"ಗುರುಗಳೇ, ಊರಿಗೆ ಹೋದ ನಂಜುಂಡ ನಾಲ್ಕು ತಿಂಗಳಾದರೂ ಬರಲಿಲ್ಲ. ನಿಮ್ಮೆದುರಿನ ಅವನ ಚಾಪೆ ಸುಮ್ಮನೆ ಖಾಲಿ ಬಿದ್ದಿದೆ. ಇನ್ನು ಮೇಲೆ ಅಲ್ಲಿ ನಾನು ಕೂರಲೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕತೆ ಹೇಳಿದರು.

ಡಚ್ಚರ ನಾಡಿನ ಕಡಲ ದಂಡೆಯಲ್ಲಿ ಒಂದು ಬೆಸ್ತರ ಹಟ್ಟಿ. ದೋಣಿ ಬರುವ ಹೊತ್ತಿಗೆ ಮನೆಮಂದಿಯೆಲ್ಲ ದಂಡೆಯಲ್ಲಿ ಸಾಲಾಗಿ ನಿಂತು ಕಾಯುವುದು ಅವರ ಪದ್ಧತಿ. ಕಡಲಿಗೆ ಹೋದವನ ಪಾಲಿಗೆ ಒಂದು ಆಳು ನಿಲ್ಲುವಷ್ಟು ಜಾಗ ಬಿಟ್ಟೇ ನಿಲ್ಲಬೇಕು. ಬಂದವನು ಮೊದಲು ಅಲ್ಲಿ ನಿಲ್ಲಬೇಕು, ಮನೆ ಆಮೇಲೆ.

ಅಲ್ಲಿಗೊಬ್ಬ ಚಿತ್ರಗಾರ ಬಂದ. ಹಕ್ಕಿಗರಿಯನ್ನು ಮಸಿಯಲ್ಲಿ ಅದ್ದಿ ಅವರನ್ನೆಲ್ಲ ಬರೆದ. ಗೆರಿಟ್ ಎಂಬ ಬೆಸ್ತ ಕಡಲಿಗೆ ಹೋಗಿ ಅಂದಿಗೆ ಆರು ದಿನ. ಅವನ ಹೆಂಡತಿಯ ಪಕ್ಕ ಜಾಗ ಖಾಲಿಯಿತ್ತು. ಚಿತ್ರಗಾರನ ಕಣ್ಣಿಗೆ ಅದು ಹಿಡಿಸಲಿಲ್ಲ. ಕಡಲ ಕಡೆ ಮುಖ ಮಾಡಿದ ಒಬ್ಬ ಗಂಡಸಿನ ಬೆನ್ನು ಬರೆದು ತುಂಬಿಬಿಟ್ಟ.

ಹೆಂಡತಿ ನೋಡಿದಳು. "ನನ್ನ ಪಕ್ಕ ಯಾರಯ್ಯ ಇವನು?"

"ಯಾರೂ ಅಲ್ಲ ತಾಯಿ. ಸಾಲು ನೋಡಲು ಹಲ್ಲು ಉದುರಿದ ಬಾಯಿಯ ಹಾಗಿತ್ತು."

"ನಿನ್ನ ಹಲ್ಲು ಉದುರಿದರೆ ಆ ಸಂದಿಗೆ ಕಲ್ಲು ತುರುಕಿಕೊಳ್ತೀಯಾ? ಅಳಿಸು ಅವನನ್ನ!"

ಚಿತ್ರಗಾರ ಚಾಕುವಿನಲ್ಲಿ ಹೆರೆದ. ಕಾಗದ ಸವೆಯಿತು, ಆ ಆಳು ಸವೆಯಲಿಲ್ಲ.

ಕತೆ ಇಲ್ಲಿಗೆ ಬರುವಷ್ಟರಲ್ಲಿ ಶಿಷ್ಯ, ಕೇಳುತ್ತ ಕೇಳುತ್ತ, ಮುಂದೆ ಮುಂದೆ ಸರಿದು ಬಂದಿದ್ದ.

"ಮಾರನೆಯ ಬೆಳಿಗ್ಗೆ ದೋಣಿ ಬಂತು," ಎಂದರು ಗುರು. "ಗೆರಿಟ್ ಇಳಿದ. ಮೈಯಿಂದ ನೀರು ಸುರಿಯುತ್ತಿತ್ತು. ಹೆಂಡತಿ ಕೈ ಚಾಚಿದಳು. ಅವನು ಒಂದು ಹೆಜ್ಜೆ ದೂರದಲ್ಲೇ ನಿಂತ. ಯಾರೂ ಇಲ್ಲದ ಆ ಜಾಗವನ್ನು ನೋಡಿ, 'ಸ್ವಲ್ಪ ಸರಿಯಣ್ಣ, ಅದು ನನ್ನ ಜಾಗ' ಎಂದ. ಕಾದ. ಮತ್ತೊಮ್ಮೆ ಕೇಳಿದ. 'ಹೋಗಲಿ ಬಿಡು' ಎಂದು ಬಂದ ದಾರಿಯಲ್ಲೇ ತಿರುಗಿ ನೀರಿಗೆ ಇಳಿದ. ಹೆಂಡತಿ ಕೂಗಿದ್ದು ಅವನಿಗೆ ಕೇಳಲಿಲ್ಲ. ಅವಳ ಪಕ್ಕದ ಮರಳಿನಲ್ಲಿ ಎರಡು ಹೆಜ್ಜೆ ಮೂಡಿದ್ದವು, ಕಡಲ ಕಡೆ ಮುಖವಾಗಿ. ಅವುಗಳಲ್ಲಿ ನಿಂತದ್ದು ನೀರಲ್ಲ, ಮಸಿ."

ಶಿಷ್ಯ ಕೈ ಮುಗಿದ. "ಬೇಡ ಗುರುಗಳೇ, ನಂಜುಂಡನ ಚಾಪೆ ಹಾಗೇ ಇರಲಿ."

ಗುರು ಅವನ ಹೆಗಲ ಮೇಲಿಂದ ಬಾಗಿಲ ಕಡೆ ನೋಡಿದರು.

"ಹಾಗಾದರೆ ಅದರ ಮೇಲಿಂದ ಬೇಗ ಏಳು ಮಗು, ಅವನು ಆಗಲೇ ಬಂದು ನಿಂತಿದ್ದಾನೆ."